ಹಾರವಾಡದಲ್ಲಿ ರೈಲು ಯಾಕೆ ಕಾಯುತ್ತದೆ? ಶಿರವಾಡದ ಸ್ಟೇಷನ್ನು ಮತ್ತು ನಮ್ಮ ದಿನದ ಓಡಾಟ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಜೀವಗಳು ಹೋದವು. ಕಾರವಾರದಿಂದ ಕುಮಟಾ ಕಡೆಗೆ ಹೋಗುವ ರಸ್ತೆ ಮುಚ್ಚಿತು. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರಂದು, ಕಾರವಾರದಿಂದ ಗೋವೆಗೆ ಹೋಗುವ ದಾರಿಯಲ್ಲಿ ಕಾಳಿ ನದಿಯ ಹಳೆ ಸೇತುವೆ ಮುರಿದು ನೀರಿಗೆ ಬಿತ್ತು. ತೆಂಕಣ ದಾರಿಗೂ ಗೋವೆಯ ದಾರಿಗೂ ಒಂದೇ ಮಳೆಗಾಲದಲ್ಲಿ ಪೆಟ್ಟು.

ಅಷ್ಟರ ತನಕ ಬಸ್ಸನ್ನೇ ನಂಬಿಕೊಂಡಿದ್ದ ಎಷ್ಟೋ ಮಂದಿ ಆಗ ಕಾರವಾರದ ರೈಲ್ವೆ ಸ್ಟೇಷನ್ ಇರುವ ಶಿರವಾಡದ ಕಡೆ ರಿಕ್ಷಾ ಹಿಡಿದರು. ಅಂಥ ಒಂದು ದಿನ ಪ್ಯಾಸೆಂಜರ್ ರೈಲು ಹಾರವಾಡದ ಚಿಕ್ಕ ಸ್ಟೇಷನ್ನಿನಲ್ಲಿ ನಿಂತಿತು. ಐದು ನಿಮಿಷ ಆಯ್ತು, ಹತ್ತಾಯ್ತು. ಎದುರು ಕೂತಿದ್ದ ವಯಸ್ಸಾದ ಅಮ್ಮ ಕೇಳಿದರು: "ಇದು ಎಂತಕ್ಕೆ ನಿಂತದ್ಯಾ ತಮಾ? ಇಲ್ಲಿ ಯಾರೂ ಇಳೀಲಿಲ್ಲ, ಹತ್ತಲೂ ಇಲ್ಲ." "ಕ್ರಾಸಿಂಗ್ ಅಮ್ಮಾ" ಅಂದೆ. "ಕ್ರಾಸಿಂಗ್ ಅಂದ್ರೆ ಎಂತದು?"

ನಾನು ಹೇಳಿದ ಉತ್ತರ ಅವರಿಗೆ ಸರಿಯಾಗಿ ಅರ್ಥ ಆಗಲಿಲ್ಲ. ಅರ್ಧ ತಪ್ಪು ನನ್ನದೇ, ಏಕೆಂದರೆ ಆ ಒಂದು ಪದದ ಹಿಂದೆ ನಮ್ಮ ರೈಲಿನ ಇಡೀ ಕತೆ ಇದೆ. ಈಗ ನಮ್ಮ ಕರಾವಳಿಯ ರೈಲು ನಡೆಸುವ ಕಂಪನಿಯಾದ ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಯ ಜೊತೆ ಸೇರಿಸುವ ಮಾತೂ ನಡೆದಿರುವುದರಿಂದ, ಮೊದಲಿನಿಂದ ಹೇಳುವುದು ಒಳ್ಳೆಯದು.

ಸ್ಟೇಷನ್ನು ಪೇಟೆಯಿಂದ ಅಷ್ಟು ದೂರ ಯಾಕೆ?

ಕಾರವಾರಕ್ಕೆ ಮೊದಲ ಸಲ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ಊರು ಸಮುದ್ರದ ದಂಡೆಯಲ್ಲಿದೆ, ಸ್ಟೇಷನ್ನು ಗುಡ್ಡದ ಹಿಂದೆ ಶಿರವಾಡದಲ್ಲಿದೆ.

ಕಾರಣ ಹಳಿಯ ಸ್ವಭಾವ. ಬಸ್ಸು ಏರು ಹತ್ತುತ್ತದೆ, ತಿರುವಿನಲ್ಲಿ ಹೊರಳುತ್ತದೆ. ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ಉರುಳುವಾಗ ಹಿಡಿತ ಬಹಳ ಕಡಿಮೆ. ಸ್ವಲ್ಪ ಏರು ಜಾಸ್ತಿಯಾದರೂ ಎಂಜಿನ್ನಿಗೆ ಕಷ್ಟ. ಕೊಂಕಣ ರೈಲು ಮಾರ್ಗವನ್ನು ಗಂಟೆಗೆ 160 ಕಿ.ಮೀ. ವೇಗಕ್ಕೆ ಆಗುವಂತೆ ಯೋಜಿಸಿದರು. ಅದಕ್ಕೆ ಎರಡು ಕಟ್ಟುನಿಟ್ಟು ಇಟ್ಟುಕೊಂಡರು. ಒಂದು, 150 ಮೀಟರ್ ಮುಂದೆ ಹೋದರೆ ಏರು 1 ಮೀಟರ್ ದಾಟಬಾರದು. ಎರಡು, ತಿರುವಿನ ತ್ರಿಜ್ಯ 1,250 ಮೀಟರಿಗಿಂತ ಕಡಿಮೆ ಇರಬಾರದು. ಅಂದರೆ ಆ ತಿರುವನ್ನು ಹಾಗೇ ಪೂರ್ತಿ ಸುತ್ತಿದರೆ ಎರಡೂವರೆ ಕಿ.ಮೀ. ಅಗಲದ ದೊಡ್ಡ ಚಕ್ರ ಆಗುತ್ತದೆ.

ಇಂಥ ನೆಟ್ಟಗಿನ ದಾರಿ ನಮ್ಮ ಕರಾವಳಿಯಲ್ಲಿ ಎಲ್ಲಿದೆ ಹೇಳಿ? ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸಹ್ಯಾದ್ರಿ, ಮಧ್ಯೆ ಕಡಲಿನ ತನಕ ಕಾಲು ಚಾಚಿದ ಗುಡ್ಡಗಳು. ಕಾಳಿ ನದಿ ಅಳಿವೆಯ ಹತ್ತಿರ ಬಹಳ ಅಗಲ. ಆದ್ದರಿಂದ ಹಳಿ ನದಿಯನ್ನು ಒಳಗಡೆಯೇ ದಾಟಿ, ಶಿರವಾಡದ ಬಯಲಿಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಗುಡ್ಡವನ್ನು ಕೊರೆದು ಸಾಗುತ್ತದೆ. ಕಾರವಾರದ ಹೆಸರಿನದೇ ಆ ಸುರಂಗ 2,950 ಮೀಟರ್ ಉದ್ದ ಇದೆ. ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನ ತನಕ ಸುಮಾರು 740 ಕಿ.ಮೀ. ದಾರಿಯಲ್ಲಿ ಇಂಥ ಸುರಂಗಗಳು 91. ಸೇತುವೆಗಳು ಚಿಕ್ಕವೂ ದೊಡ್ಡವೂ ಸೇರಿ ಸುಮಾರು 2,000. ಅವುಗಳಲ್ಲಿ ಅತಿ ಉದ್ದದ ಸೇತುವೆ ನಮ್ಮ ಹೊನ್ನಾವರದಲ್ಲೇ ಇದೆ. ಶರಾವತಿಯ ಮೇಲೆ ಎರಡು ಕಿ.ಮೀ.ಗಿಂತ ಜಾಸ್ತಿ. ಅದರ ಮೇಲೆ ರೈಲು ಹೋಗುವಾಗ ಕಿಟಕಿ ಪಕ್ಕ ಕೂತವರು ಮೊಬೈಲ್ ಕೆಳಗಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕಾಲುಸಂಕದ ಲೆಕ್ಕ

ಈಗ ಆ ಅಮ್ಮನ ಪ್ರಶ್ನೆಗೆ ಬರೋಣ.

ಮಳೆಗಾಲದಲ್ಲಿ ಹಳ್ಳದ ಮೇಲೆ ಅಡಿಕೆ ಮರದ ಕಾಲುಸಂಕ ಹಾಕುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಒಂದು ಸಲಕ್ಕೆ ಒಬ್ಬರೇ ದಾಟಬಹುದು. ಆಚೆ ದಂಡೆಯಿಂದ ಒಬ್ಬರು ಸಂಕ ಹತ್ತಿದರೆ ಈಚೆಯವರು ನಿಲ್ಲಲೇಬೇಕು. ನಡುವೆ ಎದುರಾದರೆ ಪಕ್ಕಕ್ಕೆ ಸರಿಯಲು ಜಾಗ ಇಲ್ಲ.

ನಮ್ಮ ರೈಲು ದಾರಿ ಹಾಗೇ. ಇದು ಒಂಟಿ ಹಳಿ. ಮುಂಬೈ ಕಡೆ ಹೋಗುವ ರೈಲಿಗೂ ಮಂಗಳೂರು ಕಡೆ ಬರುವ ರೈಲಿಗೂ ಒಂದೇ ಹಳಿ. ಎರಡು ಸ್ಟೇಷನ್‌ಗಳ ನಡುವಿನ ತುಂಡು ಒಂದು ಕಾಲುಸಂಕ ಅಂದುಕೊಳ್ಳಿ. ಸ್ಟೇಷನ್ನುಗಳು ದಂಡೆಗಳು. ಸ್ಟೇಷನ್ನಿನಲ್ಲಿ ಮಾತ್ರ ಹಳಿ ಕವಲಾಗಿ ಎರಡು ಮೂರು ಆಗುತ್ತದೆ. ಆ ಪಕ್ಕದ ಹಳಿಗೆ ಲೂಪ್ ಲೈನ್ ಅನ್ನುತ್ತಾರೆ. ಒಂದು ರೈಲು ಅಲ್ಲಿ ಸರಿದು ನಿಂತು, ಎದುರಿನದು ದಾಟಿದ ಮೇಲೆ ಹೊರಡುತ್ತದೆ. ಇದೇ ಕ್ರಾಸಿಂಗ್. ಹಿಂದಿನಿಂದ ವೇಗವಾಗಿ ಬರುವ ರೈಲಿಗೆ ದಾರಿ ಬಿಡಲು ನಿಂತರೆ ಅದು ಓವರ್‌ಟೇಕ್. ಕೂತವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಎರಡು ಸ್ಟೇಷನ್‌ಗಳ ನಡುವೆ 12 ಕಿ.ಮೀ. ಇದೆ ಅಂತ ಇಟ್ಟುಕೊಳ್ಳಿ. ಎದುರಿನ ರೈಲು ಆ ದೂರಕ್ಕೆ 10 ನಿಮಿಷ ತೆಗೆದುಕೊಳ್ಳುತ್ತದೆ. ನಿಮ್ಮ ರೈಲು ಈಚೆ ಸ್ಟೇಷನ್ನಿಗೆ ಬರುವ ಹೊತ್ತಿಗೆ ಅದು ಆಚೆ ಸ್ಟೇಷನ್ ಬಿಟ್ಟಾಗಿದ್ದರೆ ನೀವು 10 ನಿಮಿಷ ಕೂರಲೇಬೇಕು. ಲೂಪ್ ಲೈನಿಗೆ ನಿಧಾನವಾಗಿ ಬರುವುದು, ಹಳಿ ಬದಲಿಸುವ ಪಾಯಿಂಟ್ ತಿರುಗಿಸುವುದು, ಸಿಗ್ನಲ್ ಕೊಡುವುದು, ಮತ್ತೆ ವೇಗ ಹಿಡಿಯುವುದು, ಇವೆಲ್ಲ ಸೇರಿ 15 ನಿಮಿಷ ಹೋಗಿಬಿಡುತ್ತದೆ. ಎದುರಿನ ರೈಲೇ ತಡವಾಗಿದ್ದರೆ ಇನ್ನೂ ಜಾಸ್ತಿ. ಭಟ್ಕಳದಲ್ಲಿ ಒಂದು ರೈಲಿಗೆ ಆದ ತಡ ಕುಮಟಾದಲ್ಲಿ ಇನ್ನೊಂದಕ್ಕೆ ತಾಗುತ್ತದೆ, ಅದು ಅಂಕೋಲೆಯಲ್ಲಿ ಮತ್ತೊಂದಕ್ಕೆ.

ಹಾಗಾದರೆ ಯಾವಾಗಲೂ ನಮ್ಮ ಪ್ಯಾಸೆಂಜರ್ರೇ ಯಾಕೆ ಸರಿದು ನಿಲ್ಲಬೇಕು? ರಾಜಧಾನಿ, ವಂದೇ ಭಾರತ್, ಎಕ್ಸ್‌ಪ್ರೆಸ್, ಆಮೇಲೆ ಪ್ಯಾಸೆಂಜರ್, ಕೊನೆಗೆ ಗೂಡ್ಸ್ ಅನ್ನುವುದು ರೈಲ್ವೆಯವರ ಸಾಮಾನ್ಯ ಸಾಲು. ದೂರದ ರೈಲು ಇಲ್ಲಿ ತಡವಾದರೆ ಮುಂದೆ ನೂರಾರು ಕಿ.ಮೀ. ದೂರದ ಇನ್ನೊಂದು ವಿಭಾಗದ ವೇಳಾಪಟ್ಟಿ ಕೆಡುತ್ತದೆ. ಪ್ಯಾಸೆಂಜರ್ ಹೇಗೂ ಊರೂರಿಗೆ ನಿಲ್ಲುವಂಥದ್ದು, ಅದನ್ನು ನಿಲ್ಲಿಸಿದರೆ ನಷ್ಟ ಕಡಿಮೆ ಅನ್ನುವುದು ಅವರ ಲೆಕ್ಕ. ರೈಲ್ವೆಯ ದೃಷ್ಟಿಯಿಂದ ಆ ಲೆಕ್ಕ ಸರಿ. ಆದರೆ ಗೋವೆಯ ಮಡಗಾಂವಿನಲ್ಲಿ ಎಂಟು ಗಂಟೆಯ ಶಿಫ್ಟಿಗೆ ಹೋಗುವ ಹುಡುಗನಿಗೆ ಆ 15 ನಿಮಿಷವೇ ದೊಡ್ಡದು. ಅದನ್ನೂ ಹೇಳಬೇಕು.

ಇದಕ್ಕೆ ಎರಡು ಪರಿಹಾರ ಇವೆ. ಮೊದಲನೆಯದು ದಂಡೆಗಳನ್ನು ಹತ್ತಿರ ಮಾಡುವುದು, ಅಂದರೆ ನಡುವೆ ಹೊಸ ಕ್ರಾಸಿಂಗ್ ಸ್ಟೇಷನ್ ಕಟ್ಟುವುದು. ಇತ್ತೀಚಿನ ವರ್ಷಗಳಲ್ಲಿ ಕೊಂಕಣ ರೈಲ್ವೆ ಇಂಥ ಕೆಲವನ್ನು ಸೇರಿಸಿದೆ, ನಮ್ಮ ಮಿರ್ಜಾನ್ ಅದರಲ್ಲೊಂದು. ಇನ್ನೊಂದು, ಸಂಕದ ಪಕ್ಕ ಮತ್ತೊಂದು ಸಂಕ ಹಾಕುವುದು, ಅಂದರೆ ಜೋಡಿ ಹಳಿ. ಮಹಾರಾಷ್ಟ್ರದ ರೋಹಾ–ವೀರ್ ನಡುವಿನ ಸುಮಾರು 46 ಕಿ.ಮೀ. 2021ರಲ್ಲಿ ಜೋಡಿ ಹಳಿ ಆಯಿತು. ನಮ್ಮ ಭಾಗದಲ್ಲಿ ಜೋಡಿ ಹಳಿ ಅಂದರೆ ಎರಡನೇ ಶರಾವತಿ ಸೇತುವೆ, ಎರಡನೇ ಕಾರವಾರ ಸುರಂಗ. ಎಷ್ಟು ದುಡ್ಡು ಬೇಕು ಅಂತ ಊಹಿಸಬಹುದು.

ಈ ರೈಲು ಯಾರದು?

ಕಾರವಾರದವರು ರೈಲಿಗೆ ಕಾದದ್ದು ಒಂದು ತಲೆಮಾರಲ್ಲ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಹಡಗಿಗೆ ಹಾಕಬೇಕು ಅನ್ನುವ ಆಸೆ ಆಗ ಬಲವಾಗಿತ್ತು. ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿಗಳು ಸದಾಶಿವಗಡದ ತನಕ ಬಂದಿದ್ದರು. ಬಂದರಿಗೆ ರೈಲು ಬರುತ್ತದೆ ಅಂತ ಜನ ನಂಬಿದ್ದರು. ಆದರೆ 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡರು, 1880ರ ದಶಕದಲ್ಲಿ ರೈಲು ಕಾಸಲ್‌ರಾಕ್ ಮೂಲಕ ಗೋವೆಯ ಮುರಗಾಂವ ಬಂದರಿಗೆ ಇಳಿಯಿತು. ಕಾಸಲ್‌ರಾಕ್ ನಮ್ಮ ಜೋಯಿಡಾ ತಾಲೂಕಿನದೇ. ಜಿಲ್ಲೆಗೆ ರೈಲು ಬಂತು, ಕಾರವಾರಕ್ಕೆ ಬರಲಿಲ್ಲ.

ಆಮೇಲೆ ನೂರು ವರ್ಷ ದಾಟಿತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರ ಜುಲೈನಲ್ಲಿ, ಈ ಮಾರ್ಗಕ್ಕಾಗಿಯೇ ಕೊಂಕಣ ರೈಲ್ವೆ ಕಾರ್ಪೊರೇಷನ್ ಹುಟ್ಟಿತು. ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ರೈಲ್ವೆಯ ಬಜೆಟ್ಟಿನಲ್ಲಿ ಇಷ್ಟು ದೊಡ್ಡ ಕೆಲಸಕ್ಕೆ ಹಣ ಇರಲಿಲ್ಲ. ಆದ್ದರಿಂದ ಒಂದು ಕಂಪನಿ ಮಾಡಿ ಪಾಲು ಹಾಕಿಕೊಂಡರು. ಶುರುವಿನಲ್ಲಿ ನೂರರಲ್ಲಿ 51 ಪಾಲು ರೈಲ್ವೆಯದು, 22 ಮಹಾರಾಷ್ಟ್ರದ್ದು, 15 ಕರ್ನಾಟಕದ್ದು, ಗೋವಾ ಮತ್ತು ಕೇರಳದ್ದು ತಲಾ 6. ಉಳಿದ ಹಣವನ್ನು ಬಾಂಡ್, ಅಂದರೆ ಸಾಲಪತ್ರ, ಮಾರಿ ಎತ್ತಿದರು. ಐದು ಜನ ಅಣ್ಣತಮ್ಮಂದಿರು ಸೇರಿ, ಮೇಲೆ ಸಾಲವನ್ನೂ ಮಾಡಿ ಮನೆ ಕಟ್ಟಿದ ಹಾಗೆ.

ತೋಕೂರು–ಉಡುಪಿ ನಡುವಿನ ತುಂಡು 1993ರಲ್ಲೇ ಶುರುವಾಯಿತು. ಇಡೀ ಮಾರ್ಗದಲ್ಲಿ ರೈಲು ಓಡಾಟ ಶುರುವಾದದ್ದು 1998ರ ಜನವರಿ 26ಕ್ಕೆ. ಕಂಪನಿಗೆ ಎರಡು ವಿಭಾಗ: ಒಂದು ರತ್ನಾಗಿರಿ, ಇನ್ನೊಂದು ಕಾರವಾರ. ಹಾಗಾಗಿ ಶಿರವಾಡ ಕೇವಲ ರೈಲು ನಿಲ್ಲುವ ಜಾಗ ಅಲ್ಲ, ಅರ್ಧ ಮಾರ್ಗದ ಆಡಳಿತ ಇಲ್ಲಿಂದ ನಡೆಯುತ್ತದೆ. ಜಮೀನು ಬಿಟ್ಟುಕೊಟ್ಟ ಕುಟುಂಬದವರಿಗೆ ಕೆಲಸದಲ್ಲಿ ಆದ್ಯತೆ ಅನ್ನುವ ನಿಯಮ ಈಗಲೂ ಇದೆ.

60 ಕಿ.ಮೀ. ಹೋಗಿ 84 ಕಿ.ಮೀ. ದುಡ್ಡು

ಮನೆ ಕಟ್ಟಿದ ಸಾಲ ತೀರಬೇಕಲ್ಲ. ಅದಕ್ಕೆ ಕಂಪನಿಗೆ ಒಂದು ವಿಶೇಷ ಅನುಮತಿ ಕೊಟ್ಟರು. ಕೊಂಕಣ ರೈಲು ಮಾರ್ಗದಲ್ಲಿ ಪ್ರಯಾಣಿಕರ ದೂರವನ್ನು ಶೇ. 40 ಹೆಚ್ಚಿಸಿ ಲೆಕ್ಕ ಹಾಕುತ್ತಾರೆ. ಸರಕಿಗೆ ಶೇ. 50. ಅಂದರೆ ನೀವು ನಿಜವಾಗಿ 60 ಕಿ.ಮೀ. ಹೋದರೆ ಟಿಕೆಟಿನ ಮೇಲೆ 84 ಕಿ.ಮೀ. ಬರುತ್ತದೆ. ದರ ಬೇರೆ ಕಡೆಯದೇ, ದೂರ ಮಾತ್ರ ಉದ್ದ. ಟಿಕೆಟಿನಲ್ಲಿ ಕಾಣುವ ಕಿ.ಮೀ. ರಸ್ತೆ ಬದಿಯ ಕಲ್ಲಿನ ಜೊತೆ ಯಾಕೆ ಹೊಂದುವುದಿಲ್ಲ ಅಂತ ತಲೆ ಕೆಡಿಸಿಕೊಂಡವರಿಗೆ ಉತ್ತರ ಇದು. ಪ್ಯಾಸೆಂಜರ್ ರೈಲಿನಲ್ಲಿ ಈ ವ್ಯತ್ಯಾಸ ಕೆಲವು ರೂಪಾಯಿ ಅಷ್ಟೇ. ಮುಂಬೈ ತನಕ ಎಸಿ ಟಿಕೆಟ್ ತೆಗೆದರೆ ಚೆನ್ನಾಗಿಯೇ ತಿಳಿಯುತ್ತದೆ.

ವಿಲೀನದ ಮಾತು ಬರುವುದು ಇಲ್ಲೇ. ಕಂಪನಿ ತನ್ನ ಗಳಿಕೆಯಲ್ಲೇ ಸಂಬಳ ಕೊಡಬೇಕು, ಗುಡ್ಡ ಕಾಯಬೇಕು, ಸಾಲ ತೀರಿಸಬೇಕು. ಜೋಡಿ ಹಳಿಯಂಥ ಸಾವಿರಾರು ಕೋಟಿಯ ಕೆಲಸಕ್ಕೆ ಅದು ಸಾಲುವುದಿಲ್ಲ. ಭಾರತೀಯ ರೈಲ್ವೆಗೆ ಸೇರಿದರೆ ಬಜೆಟ್ಟಿನ ಹಣ ನೇರವಾಗಿ ಬರಬಹುದು ಅನ್ನುವುದು ಬೇಡಿಕೆ ಇಡುವವರ ವಾದ. ಕರ್ನಾಟಕ, ಗೋವಾ, ಕೇರಳ ಒಪ್ಪಿದ್ದವು. 2025ರ ಮೇನಲ್ಲಿ ಮಹಾರಾಷ್ಟ್ರವೂ, ಕೊಂಕಣ ರೈಲ್ವೆ ಅನ್ನುವ ಹೆಸರು ಉಳಿಯಬೇಕು ಅನ್ನುವ ಷರತ್ತಿನ ಜೊತೆ, ಒಪ್ಪಿಗೆ ಕೊಟ್ಟಿತು. ಇನ್ನೊಂದು ಕಡೆಯ ಆತಂಕವೂ ಸುಮ್ನೆ ಅಲ್ಲ. ಕಾರವಾರದಲ್ಲಿರುವ ಕಚೇರಿ ಉಳಿಯುತ್ತದಾ? ರೈಲ್ವೆಯ ಯಾವ ವಲಯಕ್ಕೆ ನಮ್ಮನ್ನು ಹಾಕುತ್ತಾರೆ? ದೊಡ್ಡ ವಲಯದ ತುದಿಯಲ್ಲಿ ಬಿದ್ದರೆ ಹಾರವಾಡ, ಅಸ್ನೋಟಿಯಂಥ ಚಿಕ್ಕ ಸ್ಟೇಷನ್ನಿನ ಮಾತು ಯಾರು ಕೇಳುತ್ತಾರೆ? ಈ ಪ್ರಶ್ನೆಗಳನ್ನು ಈಗಲೇ ಕೇಳಬೇಕು ಅಂತ ನನಗೆ ಅನ್ನಿಸುತ್ತದೆ.

ಮಳೆಗಾಲದ ವೇಳಾಪಟ್ಟಿ

ಜೂನ್ ಬಂತೆಂದರೆ ರೈಲಿನ ಸಮಯ ಬದಲಾಗುತ್ತದೆ. ಬಹಳ ವರ್ಷ ಇದು ಜೂನ್ 10ರಿಂದ ಅಕ್ಟೋಬರ್ 31ರ ತನಕ ಇತ್ತು. 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಸಿದರು.

ನಮ್ಮ ಗುಡ್ಡಗಳ ಮೇಲೆ ಚಿರೇಕಲ್ಲು, ಅದರ ಅಡಿಯಲ್ಲಿ ಶೇಡಿಮಣ್ಣು. ಬಾವಿ ತೋಡಿದವರಿಗೆ ಗೊತ್ತು, ಒಣಗಿದ್ದಾಗ ಗಟ್ಟಿಯಾಗಿರುವ ಶೇಡಿ ನೀರು ಕುಡಿದರೆ ಗಂಜಿಯಂತಾಗುತ್ತದೆ. ಗುಡ್ಡವನ್ನು ಸೀಳಿ ಹಳಿ ಹಾಕಿದ ಕಡೆ ಅದು ಮೇಲಿನ ಬಂಡೆಗಳನ್ನು ಹೊತ್ತು ಜಾರಬಹುದು. 2003ರ ಜೂನ್ 22ರ ರಾತ್ರಿ ಕಾರವಾರದಿಂದಲೇ ಹೊರಟ ಮುಂಬೈ ರಜಾ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಹತ್ತಿರ ಹಳಿಗೆ ಬಿದ್ದ ಬಂಡೆಗಳಿಗೆ ಗುದ್ದಿ ಉರುಳಿತು. 50ಕ್ಕೂ ಹೆಚ್ಚು ಜನ ತೀರಿಕೊಂಡರು. ಮರುವರ್ಷ ಜೂನ್‌ನಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಕೂಡ ಅಂಥದೇ ಅವಘಡಕ್ಕೆ ಸಿಕ್ಕಿತು.

ಆ ಎರಡು ಪೆಟ್ಟಿನ ಮೇಲೆ ಬಹಳ ಬದಲಾಯಿತು. ಕಡಿದಾದ ಇಳಿಜಾರುಗಳನ್ನು ಕಡಿದು ಮೆಟ್ಟಿಲಿನ ಹಾಗೆ ಮಾಡಿದರು, ಬಲೆ ಹೊದಿಸಿದರು. ಮಳೆಯ ಅಳತೆ ನೋಡುವ ಯಂತ್ರ, ನದಿಯ ನೀರು ಏರಿದರೆ ಎಚ್ಚರಿಸುವ ಯಂತ್ರ ಇಟ್ಟರು. ಮಳೆ ಜೋರಾಗಿ ಕಣ್ಣಿಗೆ ದಾರಿ ಕಾಣದಿದ್ದರೆ ಗಂಟೆಗೆ 40 ಕಿ.ಮೀ. ಮೀರಬಾರದು ಅನ್ನುವ ನಿಯಮ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಮನುಷ್ಯರು ಇದ್ದಾರೆ. ರಾತ್ರಿ ಮಳೆಯಲ್ಲಿ ಲೈಟು ಹಿಡಿದು ಹಳಿಯ ಮೇಲೆ ಕಿಲೋಮೀಟರುಗಟ್ಟಲೆ ನಡೆದು ನೋಡುವವರು, ಅಪಾಯದ ಗುಡ್ಡದ ಬುಡದಲ್ಲಿ ಹಗಲುರಾತ್ರಿ ಕಾವಲು ಕೂರುವವರು. ರೈಲಿನೊಳಗೆ ನಾವು ಹೊದ್ದು ಮಲಗಿರುವಾಗ ಅವರು ಹೊರಗೆ ನೆನೆಯುತ್ತಿರುತ್ತಾರೆ. ಮಳೆಗಾಲದಲ್ಲಿ ರೈಲು ಅರ್ಧ ಗಂಟೆ ತಡವಾದರೆ ನಾನು ಬೈಯುವುದನ್ನು ಬಿಟ್ಟಿದ್ದೇನೆ.

ಶಿರಸಿಗೆ ಯಾಕೆ ಇಲ್ಲ?

ಘಟ್ಟದ ಮೇಲಿನ ನೆಂಟರು ಇದನ್ನು ಕೇಳಿಯೇ ಕೇಳುತ್ತಾರೆ. ಮೇಲೆ ಹೇಳಿದ 150ಕ್ಕೆ 1ರ ಲೆಕ್ಕ ಹಾಕಿ ನೋಡಿ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರ. ಆ ಏರಿಗೆ 88 ಕಿ.ಮೀ. ಉದ್ದದ ಹಳಿ ಬೇಕು. ಕುಮಟಾದಿಂದ ದೇವಿಮನೆ ಘಟ್ಟದ ರಸ್ತೆ ಸುಮಾರು 60 ಕಿ.ಮೀ. ಅಷ್ಟೇ. ಕಡಿದಾಗಿ ಏರಿಸಬಹುದು, ಕಾಸಲ್‌ರಾಕ್ ಘಟ್ಟದಲ್ಲಿ 37ಕ್ಕೆ 1ರ ಏರು ಇದೆ, ಆದರೆ ಅಲ್ಲಿ ಹಿಂದಿನಿಂದ ತಳ್ಳುವ ಹೆಚ್ಚಿನ ಎಂಜಿನ್ ಬೇಕು. ಜೊತೆಗೆ ಕಾಡು. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ 1990ರ ದಶಕದಲ್ಲೇ ಮಂಜೂರಾತಿ ಸಿಕ್ಕರೂ ಮುಂದೆ ಹೋಗದೆ ಕೂತದ್ದು ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆಯಿಂದ.

ದಿನಾ ಹೋಗುವವರಿಗೆ, ಅಪರೂಪಕ್ಕೆ ಹೋಗುವವರಿಗೆ

ಶಿರವಾಡಕ್ಕೆ ಬರುವ ರೈಲುಗಳಲ್ಲಿ ಮೂರು ಜಾತಿ.

ಒಂದು ನಮ್ಮ ಲೋಕಲ್. ಮಂಗಳೂರು–ಮಡಗಾಂವ ಪ್ಯಾಸೆಂಜರ್, ಗೋವೆಯ ಪೆಡ್ನೆಯಿಂದ ಕಾರವಾರಕ್ಕೆ ಬರುವ ರೈಲು ಇಂಥವು. ಡೆಮು, ಮೆಮು ಅಂತ ಕರೆಯುವ ರೈಲುಗಳಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುತ್ತದೆ. ಎಂಜಿನ್ ಬಿಚ್ಚಿ ಆಚೆ ತುದಿಗೆ ಜೋಡಿಸುವ ಕೆಲಸ ಇಲ್ಲ, ಬಂದ ಹಾಗೇ ಹಿಂದೆ ಹೋಗಬಹುದು. ಬೇಗ ವೇಗ ಹಿಡಿಯುವುದರಿಂದ ಹತ್ತಿರ ಹತ್ತಿರದ ಸ್ಟೇಷನ್ನಿಗೆ ಇವೇ ಸರಿ. ಡೆಮು ಡೀಸೆಲ್ಲಿನದು, ಮೆಮು ಕರೆಂಟಿನದು. ಇಡೀ ಮಾರ್ಗದ ವಿದ್ಯುದೀಕರಣ 2022ರಲ್ಲಿ ಮುಗಿಯಿತು.

ಇನ್ನೊಂದು ಕಾರವಾರದಿಂದಲೇ ಹೊರಡುವ ದೂರದ ರೈಲು. ಬೆಂಗಳೂರಿಗೆ ರಾತ್ರಿ ಹೋಗುವ ಪಂಚಗಂಗಾ ಇದಕ್ಕೆ ಉದಾಹರಣೆ. ಮೂರನೆಯದು ದಾಟಿ ಹೋಗುವ ರೈಲು: ಮತ್ಸ್ಯಗಂಧಾ, ನೇತ್ರಾವತಿ, 2023ರ ಡಿಸೆಂಬರ್‌ನಲ್ಲಿ ಶುರುವಾದ ಮಂಗಳೂರು–ಮಡಗಾಂವ ವಂದೇ ಭಾರತ್.

ದಿನಾ ಹೋಗುವವರು ಪಾಸ್ ಮಾಡಿಸಿಕೊಳ್ಳಿ. 150 ಕಿ.ಮೀ. ತನಕ ಸಿಗುತ್ತದೆ, ದಿನಾ ಟಿಕೆಟ್ ತೆಗೆಸುವುದಕ್ಕಿಂತ ಬಹಳ ಕಡಿಮೆ. ಮೂರು ತಿಂಗಳಿನದಕ್ಕೆ ತಿಂಗಳ ಪಾಸಿನ 2.7 ಪಟ್ಟು ದುಡ್ಡು. ಆದರೆ ಪಾಸ್ ಹಿಡಿದು ರಿಸರ್ವೇಷನ್ ಡಬ್ಬಿಗೆ ಹತ್ತುವ ಹಾಗಿಲ್ಲ. ಬಿಡಿ ಟಿಕೆಟಿನಲ್ಲಿ ಒಂದು ಸೂಕ್ಷ್ಮ ಇದೆ: 199 ಕಿ.ಮೀ. ತನಕದ ಸಾಮಾನ್ಯ ಟಿಕೆಟ್ ತೆಗೆದ ಮೂರು ಗಂಟೆಯೊಳಗೆ, ಇಲ್ಲವೇ ಆ ಕಡೆಗಿನ ಮೊದಲ ರೈಲಿಗೆ, ಪ್ರಯಾಣ ಶುರು ಮಾಡಬೇಕು. ಬೆಳಿಗ್ಗೆ ತೆಗೆದು ಸಂಜೆ ಹೋದರೆ ದಂಡ ಬೀಳಬಹುದು.

ಇನ್ನು ವೇಟಿಂಗ್ ಲಿಸ್ಟ್. "ಪಂಚಗಂಗಾದಲ್ಲಿ 20 ಇದ್ದದ್ದು ಕನ್ಫರ್ಮ್ ಆಯ್ತು, ಮುಂಬೈಯದು 8 ಇದ್ದರೂ ಆಗಲಿಲ್ಲ, ಯಾಕೆ?" ಅಂತ ನನ್ನನ್ನು ಕೇಳಿದವರು ಬಹಳ. ಊಟದ ಪಂಕ್ತಿ ಅಂದುಕೊಳ್ಳಿ. ರೈಲು ಹೊರಡುವ ಊರಿನವರಿಗೆ ದೊಡ್ಡ ಪಂಕ್ತಿ, ನೂರಾರು ಎಲೆ. ಅದರ ಕಾಯುವ ಪಟ್ಟಿ ಜಿಎನ್‌ಡಬ್ಲ್ಯುಎಲ್. ಅಲ್ಲಿ ಟಿಕೆಟ್ ರದ್ದು ಮಾಡಿಸುವವರು ಜಾಸ್ತಿ, ಹಾಗಾಗಿ ಎಲೆ ಖಾಲಿಯಾಗುವುದೂ ಜಾಸ್ತಿ. ನಡುದಾರಿಯ ಊರಿನವರಿಗೆ ಮೂಲೆಯಲ್ಲಿ ಕೆಲವೇ ಎಲೆ ಹಾಕಿಟ್ಟಿರುತ್ತಾರೆ. ಅದರ ಪಟ್ಟಿ ಆರ್‌ಎಲ್‌ಡಬ್ಲ್ಯುಎಲ್ ಅಥವಾ ಪಿಕ್ಯೂಡಬ್ಲ್ಯುಎಲ್. ಆ ಕೆಲವೇ ಎಲೆಯವರಲ್ಲಿ ಯಾರಾದರೂ ಎದ್ದರೆ ಮಾತ್ರ ನಿಮಗೆ ಜಾಗ. ಆದ್ದರಿಂದ ಸಂಖ್ಯೆಗಿಂತ ಮೊದಲು ಅಕ್ಷರ ನೋಡಿ. ಮುಂಗಡ ಬುಕಿಂಗ್ 2024ರ ನವೆಂಬರಿನಿಂದ 60 ದಿನ ಮೊದಲಷ್ಟೇ ತೆರೆಯುತ್ತದೆ.

ತತ್ಕಾಲ್‌ನಲ್ಲಿ ನಮ್ಮವರು ಎಡವುವುದು ತಾರೀಕಿನಲ್ಲಿ. ಅದು ಹಿಂದಿನ ದಿನ ತೆರೆಯುತ್ತದೆ, ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. ಆದರೆ ಆ "ಹಿಂದಿನ ದಿನ" ರೈಲು ತನ್ನ ಮೊದಲ ಊರು ಬಿಡುವ ದಿನದ ಲೆಕ್ಕ. ಮುಂಬೈಯಿಂದ ಸೋಮವಾರ ಮಧ್ಯಾಹ್ನ ಹೊರಟು ಮಂಗಳವಾರ ನಸುಕಿಗೆ ಕಾರವಾರಕ್ಕೆ ಬರುವ ರೈಲನ್ನು ನೀವು ಇಲ್ಲಿಂದ ಹತ್ತಬೇಕಿದ್ದರೆ, ತತ್ಕಾಲ್ ತೆಗೆಸಬೇಕಾದದ್ದು ಸೋಮವಾರ ಅಲ್ಲ, ಭಾನುವಾರ ಬೆಳಿಗ್ಗೆ.